ಹಳೆ ಓಮ್ನಿಯ ಹ್ಯಾಂಡ್‌ಬ್ರೇಕ್ ರಿಪೇರಿ: ಚಕ್ರದಲ್ಲಿ ಶುರು ಮಾಡಿ, ಲಿವರ್‌ನಲ್ಲಿ ಮುಗಿಸಿ

ಮೂಡಿಗೆರೆ, ಸಕಲೇಶಪುರ, ಆಲ್ದೂರು, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಲ್ಲಿ ಹಳೆ ಓಮ್ನಿಯೋ ಜೀಪೋ ನಿಂತಿದ್ದರೆ ಅದರ ಚಕ್ರದಡಿ ಒಂದು ಕಲ್ಲು ಇದ್ದೇ ಇರುತ್ತದೆ. ಕಲ್ಲು ಕೊಡುವುದು ಒಳ್ಳೆಯ ಅಭ್ಯಾಸವೇ. ಹ್ಯಾಂಡ್‌ಬ್ರೇಕ್ ಹಿಡಿಯುವುದಿಲ್ಲವೆಂದು ಕಲ್ಲೊಂದನ್ನೇ ನಂಬಿಕೊಳ್ಳುವುದು ಮಾತ್ರ ಸರಿಯಲ್ಲ. ನಮ್ಮಲ್ಲಿ ಗಾಡಿ ನಿಲ್ಲಿಸಲು ಸಮತಟ್ಟಾದ ಜಾಗ ಸಿಗುವುದೇ ಅಪರೂಪ. ಕೈಮರದಿಂದ ಮುಳ್ಳಯ್ಯನಗಿರಿಗೆ ಹತ್ತುವಾಗ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯಲ್ಲಿ ಇಳಿಯುವಾಗ ಎದುರಿನ ಬಸ್ಸಿಗೆ ದಾರಿ ಬಿಡಲು ಏರಿನಲ್ಲೇ ನಿಲ್ಲಬೇಕಾಗುತ್ತದೆ. ಆಗ ಕೆಳಗಿಳಿದು ಕಲ್ಲು ಹುಡುಕುವವರು ಯಾರು?

ಹ್ಯಾಂಡ್‌ಬ್ರೇಕ್ ಸಡಿಲವಾಯಿತೆಂದು ಗ್ಯಾರೇಜಿಗೆ ಗಾಡಿ ಬಿಟ್ಟರೆ ಬಹಳ ಕಡೆ ಮಾಡುವುದು ಒಂದೇ ಕೆಲಸ. ಕೇಬಲ್ಲಿನ ನಟ್ ನಾಲ್ಕು ಸುತ್ತು ಬಿಗಿ ಮಾಡಿ ‘ಈಗ ಮೂರನೇ ಕ್ಲಿಕ್ಕಿಗೇ ಹಿಡಿಯುತ್ತೆ ನೋಡಿ ಸಾರ್’ ಅಂತ ಕೀ ಕೊಡುತ್ತಾರೆ. ಕೆಲವು ದಿನ ಸರಿಯಿರುತ್ತದೆ, ಆಮೇಲೆ ಮತ್ತೆ ಅದೇ ಪಾಡು. ಇದು ರಿಪೇರಿಯಲ್ಲ, ದೋಷ ಮುಚ್ಚಿಡುವುದು ಅಷ್ಟೆ. ಹ್ಯಾಂಡ್‌ಬ್ರೇಕಿನ ತೊಂದರೆ ಹೆಚ್ಚಾಗಿ ಹುಟ್ಟುವುದು ಹಿಂದಿನ ಚಕ್ರದ ಜೊತೆ ತಿರುಗುವ ಬಟ್ಟಲಿನಂಥ ಡ್ರಮ್ಮಿನೊಳಗೆ, ಇಲ್ಲವೇ ತುಕ್ಕು ಹಿಡಿದ ಕೇಬಲ್ಲಿನಲ್ಲಿ. ಹಾಗಾಗಿ ಮೊದಲು ಡ್ರಮ್, ಆಮೇಲೆ ಕೇಬಲ್, ಕಟ್ಟಕಡೆಗೆ ಲಿವರ್ ಬಳಿಯ ನಟ್. ಈ ಕ್ರಮ ತಪ್ಪಿಸಬೇಡಿ.

ಇಲ್ಲಿ ಮುಖ್ಯವಾಗಿ ಹೇಳುತ್ತಿರುವುದು ಓಮ್ನಿಯ ಬಗ್ಗೆ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಈ ಗಾಡಿಯ ತಯಾರಿಕೆ 2019ರಲ್ಲಿ ನಿಂತರೂ ಮಲೆನಾಡಿನಲ್ಲಿ ಗೊಬ್ಬರ, ಮೆಣಸಿನ ಚೀಲ, ಮಕ್ಕಳು ಎಲ್ಲವನ್ನೂ ಅದು ಇನ್ನೂ ಹೊರುತ್ತಿದೆ. ಹಿಂದೆ ಡ್ರಮ್ ಬ್ರೇಕ್ ಇರುವ ಬೇರೆ ಹಳೆ ಗಾಡಿಗಳಿಗೂ ಇದೇ ವಿಧಾನ ಬಹುಮಟ್ಟಿಗೆ ಹೊಂದುತ್ತದೆ. ವ್ಯತ್ಯಾಸವಿರುವಲ್ಲಿ ಹೇಳುತ್ತೇನೆ.

ಒಳಗೆ ಏನಾಗುತ್ತದೆ

ಕಾಲಿನ ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುತ್ತದೆ. ಹ್ಯಾಂಡ್‌ಬ್ರೇಕಿಗೂ ಆಯಿಲಿಗೂ ಸಂಬಂಧವಿಲ್ಲ, ಅದು ಬರೀ ತಂತಿಯ ಎಳೆತ. ಹಾಗಾಗಿ ಬ್ರೇಕ್ ಆಯಿಲ್ ಬದಲಿಸಿದರೂ, ಆಯಿಲ್ ಪೈಪಿನಲ್ಲಿ ಸೇರಿದ ಏರ್ ತೆಗೆಸಿದರೂ ಹ್ಯಾಂಡ್‌ಬ್ರೇಕ್ ಸರಿಹೋಗುವುದಿಲ್ಲ. ಲಿವರ್ ಎಳೆದಾಗ ಕೇಬಲ್ ಎಳೆಯಲ್ಪಟ್ಟು, ಡ್ರಮ್ಮಿನೊಳಗೆ ಒಂದು ಬ್ರೇಕ್ ಶೂಗೆ (ಡ್ರಮ್ಮಿಗೆ ಒತ್ತುವ ಬಿಲ್ಲಿನಾಕಾರದ ತುಂಡು) ಜೋಡಿಸಿದ ಸಣ್ಣ ಲಿವರನ್ನು ತಿರುಗಿಸುತ್ತದೆ. ಆ ಲಿವರ್ ಎರಡು ಶೂಗಳ ನಡುವಿನ ಪಟ್ಟಿಯನ್ನು ತಳ್ಳಿದಾಗ ಎರಡೂ ಶೂ ಅಗಲಿ ಡ್ರಮ್ಮಿಗೆ ಒತ್ತಿಕೊಳ್ಳುತ್ತವೆ.

ಒಂದು ಎಳೆತವನ್ನು ಎರಡು ಚಕ್ರಕ್ಕೂ ಸಮನಾಗಿ ಹಂಚಲು ನಡುವೆ ಈಕ್ವಲೈಸರ್ ಎಂಬ ಅಡ್ಡಪಟ್ಟಿ ಇರುತ್ತದೆ. ಅದರ ಕೆಲಸ ಥೇಟ್ ಎತ್ತಿನ ನೊಗದ್ದು. ಒಂದು ಬದಿ ಎಳೆಯದಿದ್ದರೆ ಪಟ್ಟಿ ವಾರೆಯಾಗುತ್ತದೆ. ಲಿವರ್ ಎಳೆದು ಪಟ್ಟಿ ಎತ್ತ ವಾಲಿದೆಯೆಂದು ನೋಡಿದರೇ ಅರ್ಧ ಪತ್ತೆಯಾದಂತೆ: ಯಾವ ಬದಿಯ ಕೇಬಲ್ ಮುಂದೆ ಸರಿಯಲಿಲ್ಲವೋ ಆ ಬದಿಯಲ್ಲಿ ಕೇಬಲ್ ಕಚ್ಚಿಕೊಂಡಿರಬಹುದು, ಯಾವುದು ಅತಿಯಾಗಿ ಸರಿಯಿತೋ ಅಲ್ಲಿ ಶೂ ಸವೆದಿರಬಹುದು ಅಥವಾ ಕೇಬಲ್ ತುದಿ ಕಳಚಿರಬಹುದು.

ಬರೀ ನಟ್ ಬಿಗಿ ಮಾಡಿದರೆ ಯಾಕೆ ಕೆಡುತ್ತದೆ ಎಂಬುದೂ ಇದರಿಂದ ಸ್ಪಷ್ಟ. ಕೇಬಲ್ ಸದಾ ಎಳೆದುಕೊಂಡೇ ಇದ್ದರೆ ಒಳಗಿನ ಲಿವರ್ ತನ್ನ ಜಾಗಕ್ಕೆ ಮರಳುವುದಿಲ್ಲ, ಶೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಶೂ ಸವೆದಂತೆ ಡ್ರಮ್ಮಿನ ಜೊತೆಗಿನ ಅಂತರ ಸರಿಪಡಿಸುವುದು ಅಡ್ಜಸ್ಟರ್. ಅದು ತಾನಾಗಿಯೇ ಹೊಂದಿಕೊಳ್ಳುವಂಥ ಗಾಡಿಯಲ್ಲಿ ಅದರ ಕೆಲಸವೂ ನಿಂತುಹೋಗುತ್ತದೆ. ಆಗ ಶೂ ಮೇಲೆ ಅಂಟಿಸಿದ ಉಜ್ಜುವ ಪದರ, ಅಂದರೆ ಲೈನರ್, ಉಜ್ಜುತ್ತಾ ಡ್ರಮ್ ಕಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ.

ಬಿಚ್ಚುವ ಮೊದಲು ಪತ್ತೆ ಮಾಡಿ

ಲಿವರ್ ಹತ್ತು ಹನ್ನೆರಡು ಕ್ಲಿಕ್ ಮೇಲೆ ಬಂದರೂ ಬಿಗಿಯಾಗದಿದ್ದರೆ ಶೂ ಸವೆದಿದೆ, ಅಡ್ಜಸ್ಟರ್ ಕೆಲಸ ಮಾಡುತ್ತಿಲ್ಲ ಅಥವಾ ಕೇಬಲ್ ಹಿಗ್ಗಿದೆ. ಒಮ್ಮೆಲೇ ಪೂರ್ತಿ ಸಡಿಲವಾಗಿ ಕೈಗೆ ಬಂದರೆ ಕೇಬಲ್ ತುಂಡಾಗಿದೆ ಇಲ್ಲವೇ ಕೊಂಡಿ ಕಳಚಿದೆ.

ಲಿವರ್ ಕೈಗೆ ಗಟ್ಟಿ, ಗಾಡಿ ಮಾತ್ರ ಉರುಳುತ್ತದೆ ಎಂದಾದರೆ ಎರಡು ಅನುಮಾನ: ಔಟರ್ (ಕೇಬಲ್ಲಿನ ಹೊರಕವಚ) ಒಳಗೆ ತಂತಿ ತುಕ್ಕು ಹಿಡಿದು ಕಚ್ಚಿಕೊಂಡಿದೆ, ಅಥವಾ ಲೈನರ್ ಮೇಲೆ ಆಯಿಲ್ ಬಿದ್ದಿದೆ. ಲಿವರ್ ಇಳಿಸಿದ ಮೇಲೂ ಗಾಡಿ ಎಳೆದು ಹಿಡಿದಂತೆ ಓಡಿ, ಇಳಿದು ನೋಡಿದಾಗ ಒಂದು ಹಿಂದಿನ ಚಕ್ರದ ಹತ್ತಿರ ಮಾತ್ರ ಬಿಸಿ ಹೊಡೆದರೆ ಅದೂ ಕೇಬಲ್ಲಿನ ತುಕ್ಕೇ ಇರಬಹುದು, ಇಲ್ಲವೇ ಒಳಗಿನ ಲಿವರಿನ ಪಿನ್ ಬಿಗಿದುಕೊಂಡಿದೆ. ನಮ್ಮ ಮಳೆ, ಕೆಂಪು ಕೆಸರಿನಲ್ಲಿ ನಾನು ಹೆಚ್ಚು ಕಂಡಿರುವುದು ಈ ಕೊನೆಯ ದೋಷವನ್ನೇ.

ಎಳೆದ ಲಿವರ್ ಮೇಲೆ ನಿಲ್ಲದೆ ಜಾರಿ ಕೆಳಗಿಳಿದರೆ ಮಾತ್ರ ತಪ್ಪು ಲಿವರಿನದು. ಬುಡದ ಹಲ್ಲು ಅಥವಾ ಅದನ್ನು ಹಿಡಿಯುವ ನಾಲಿಗೆ ಸವೆದಿರುತ್ತದೆ. ಹಲ್ಲನ್ನು ಅರ ಹಾಕಿ ಚೂಪು ಮಾಡಿಕೊಡುತ್ತೇವೆ ಎನ್ನುವವರಿದ್ದಾರೆ, ಒಪ್ಪಬೇಡಿ. ಲಿವರ್ ಸೆಟ್ಟನ್ನೇ ಬದಲಿಸಬೇಕು.

ಬೇಕಾಗುವ ಸಾಮಾನು

ಜಾಕ್, ಎರಡು ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, ರಿಂಗ್ ಸ್ಪ್ಯಾನರ್ ಸೆಟ್, ದೊಡ್ಡ ಮತ್ತು ಸಣ್ಣ ಸ್ಕ್ರೂ ಡ್ರೈವರ್, ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಮರದ ಸುತ್ತಿಗೆ, ತಂತಿ ಬ್ರಷ್, ಎಮರಿ ಪೇಪರ್, ತುಕ್ಕು ಬಿಡಿಸುವ ಸ್ಪ್ರೇ, ಬ್ರೇಕ್ ಕ್ಲೀನರ್, ಶಾಖ ತಡೆಯುವ ಗ್ರೀಸ್ ಸ್ವಲ್ಪ, ಹಳೆ ಬಟ್ಟೆ, ಕೈಗವಸು, ಮಾಸ್ಕ್. ಎರಡು 8 ಮಿ.ಮೀ. ಬೋಲ್ಟ್‌ಗಳನ್ನೂ ಇಟ್ಟುಕೊಳ್ಳಿ, ಯಾಕೆಂದು ಮುಂದೆ ಗೊತ್ತಾಗುತ್ತದೆ.

ಮಾಸ್ಕ್ ಬಗ್ಗೆ ಉಡಾಫೆ ಬೇಡ. ಹಳೆ ಕಾಲದ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಕಪ್ಪು ಧೂಳನ್ನು ಬಾಯಲ್ಲಿ ಊದುವುದಾಗಲಿ, ಏರ್ ಹೊಡೆಯುವುದಾಗಲಿ ಖಂಡಿತ ಮಾಡಬೇಡಿ. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ.

ಕೆಲಸಕ್ಕೆ ಕಾಫಿ ಕಣದಷ್ಟು ಒಳ್ಳೆಯ ಜಾಗವಿಲ್ಲ. ಸಿಮೆಂಟ್ ನೆಲ, ಸಮತಟ್ಟು. ಆದರೆ ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ ಮಾತ್ರ. ಒಣಗುತ್ತಿರುವ ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ, ಅದರ ಪಕ್ಕ ಬ್ರೇಕ್ ಆಯಿಲ್, ಸ್ಪ್ರೇ ಬಳಸುವುದು ತರವಲ್ಲ.

ಗಾಡಿ ಎತ್ತುವುದು: ಇಲ್ಲಿ ಆತುರ ಬೇಡ

ಓಮ್ನಿ ಹಿಂದಿನ ಚಕ್ರದಿಂದ ಓಡುವ ಗಾಡಿ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಚಕ್ರವನ್ನು, ಗೇರಿನಲ್ಲಿ ಬಿಟ್ಟರೆ ಎಂಜಿನ್ ಹಿಡಿಯುವುದೂ ಅದೇ ಹಿಂದಿನ ಚಕ್ರವನ್ನು. ಹಿಂಭಾಗ ಎತ್ತಿದ ಕ್ಷಣವೇ ಎರಡರ ಹಿಡಿತವೂ ಹೋಗುತ್ತದೆ, ನೆಲದ ಮೇಲಿರುವ ಮುಂದಿನ ಚಕ್ರಗಳನ್ನು ತಡೆಯಲು ಏನೂ ಉಳಿಯುವುದಿಲ್ಲ. ಆದ್ದರಿಂದ ಮುಂದಿನ ಎರಡೂ ಚಕ್ರಗಳಿಗೆ ಹಿಂದೆ ಮುಂದೆ ಎರಡೂ ಕಡೆ ಮರದ ತುಂಡು ಅಥವಾ ಗಟ್ಟಿ ಕಲ್ಲು ಕೊಡಿ. ಕೊಟ್ಟ ಮೇಲೆ ಗಾಡಿಯನ್ನು ಕೈಯಲ್ಲಿ ತಳ್ಳಿ ನೋಡಿ, ಅಲುಗಾಡಬಾರದು. ಮಾರುತಿ 800 ಮುಂದಿನ ಚಕ್ರದಿಂದ ಓಡುವುದರಿಂದ ಅದನ್ನು ಮೊದಲನೇ ಗೇರಿನಲ್ಲಿ ಬಿಟ್ಟರೆ ಸ್ವಲ್ಪ ಆಧಾರ ಸಿಗುತ್ತದೆ. ಅದಕ್ಕೂ ಕಲ್ಲು ಕೊಡಲೇಬೇಕು.

ಹಿಂದಿನ ಚಕ್ರದ ನಟ್‌ಗಳನ್ನು ಗಾಡಿ ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲಿಸಿ. ಆಮೇಲೆ ಜಾಕ್ ಹಾಕಿ ಹಿಂದಿನ ಎರಡೂ ಬದಿ ಎತ್ತಿ, ಓಮ್ನಿಯಾದರೆ ಆಕ್ಸಲ್ ಕೊಳವೆಯ ಕೆಳಗೆ, ಪ್ಲೇಟ್ ಸ್ಪ್ರಿಂಗ್ ಹತ್ತಿರ ಸ್ಟ್ಯಾಂಡ್ ಕೊಡಿ. ಸ್ಟ್ಯಾಂಡ್ ಇಲ್ಲವೆಂದು ಇಟ್ಟಿಗೆ, ಹಾಲೋ ಬ್ಲಾಕ್, ಜಂಬಿಟ್ಟಿಗೆ ಜೋಡಿಸಬೇಡಿ, ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಬರೀ ಜಾಕ್ ಮೇಲೆ ನಿಂತ ಗಾಡಿಯಡಿ ಕೈಯನ್ನೂ ಹಾಕಬಾರದು.

ಈಗ ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಪೂರ್ತಿ ಕೆಳಗೆ. ಎರಡೂ ಚಕ್ರಗಳನ್ನು ಕೈಯಲ್ಲಿ ತಿರುಗಿಸಿ. ಆಮೇಲೆ ಒಬ್ಬರು ಲಿವರನ್ನು ಒಂದೊಂದೇ ಕ್ಲಿಕ್ ಎಳೆಯಲಿ, ನೀವು ಪ್ರತಿ ಕ್ಲಿಕ್ಕಿಗೂ ಚಕ್ರ ತಿರುಗಿಸಿ. ಎಷ್ಟನೇ ಕ್ಲಿಕ್ಕಿಗೆ ಉಜ್ಜಲು ಶುರುವಾಯಿತು, ಎಷ್ಟಕ್ಕೆ ನಿಂತಿತು ಎಂದು ಎಡ, ಬಲ ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ರಿಪೇರಿ ಮುಗಿದ ಮೇಲೆ ಹೋಲಿಸಲು ಇದೇ ಆಧಾರ.

ಡ್ರಮ್ ತೆಗೆಯುವುದು

ಮೊದಲು ಕೇಬಲ್ ಅಡ್ಜಸ್ಟ್ ನಟ್ ಹುಡುಕಿ ಪೂರ್ತಿ ಸಡಿಲಿಸಿ. ಕೆಲವು ಗಾಡಿಗಳಲ್ಲಿ ಅದು ಲಿವರಿನ ಬುಡದಲ್ಲಿ, ಕೆಲವಲ್ಲಿ ಗಾಡಿಯಡಿ ಈಕ್ವಲೈಸರ್ ಹತ್ತಿರ ಇರುತ್ತದೆ. ಗಾಡಿಯಡಿ ಇದ್ದರೆ ತುಕ್ಕು ಹಿಡಿದಿರುವುದು ಖಚಿತ. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ, ಬಲವಂತ ಮಾಡಿದರೆ ಥ್ರೆಡ್ ಹೋಗುತ್ತದೆ.

ಚಕ್ರ ಕಳಚಿದ ಮೇಲೆ ಡ್ರಮ್ಮಿಗೆ ಬೇರೆ ನಟ್ ಅಥವಾ ಸ್ಕ್ರೂ ಇದ್ದರೆ ತೆಗೆಯಿರಿ. ಎಳೆದರೆ ಬರುವುದಿಲ್ಲ, ಹಳೆ ಗಾಡಿಯಲ್ಲಿ ಹಾಗೆ ಸುಲಭವಾಗಿ ಬಂದದ್ದೇ ಕಡಿಮೆ. ಓಮ್ನಿ, ಜಿಪ್ಸಿಗಳ ಡ್ರಮ್ ಮುಖದಲ್ಲಿ ಎರಡು ಥ್ರೆಡ್ ಇರುವ ತೂತುಗಳಿವೆ. 8 ಮಿ.ಮೀ. ಬೋಲ್ಟ್ ಎರಡನ್ನೂ ಅಲ್ಲಿ ಹಾಕಿ, ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಎಂದು ಸಮನಾಗಿ ಬಿಗಿ ಮಾಡುತ್ತ ಹೋದರೆ ಡ್ರಮ್ ತಾನೇ ಹೊರಬರುತ್ತದೆ. ನಡುನಡುವೆ ಮರದ ಸುತ್ತಿಗೆಯಿಂದ ಸುತ್ತಲೂ ಹಗುರವಾಗಿ ತಟ್ಟಿ. ಕಬ್ಬಿಣದ ಸುತ್ತಿಗೆಯಿಂದ ಅಂಚಿಗೆ ಹೊಡೆದರೆ ಬೀಡು ಕಬ್ಬಿಣ ಸೀಳಿಬಿಡುತ್ತದೆ.

ಅರ್ಧ ಬಂದು ನಿಂತರೆ ಡ್ರಮ್ಮಿನ ಒಳ ಅಂಚಿನಲ್ಲಿ ಸವೆತದ ಏಣು ಎದ್ದು ಶೂ ಸಿಕ್ಕಿಕೊಂಡಿದೆ ಎಂದರ್ಥ. ಶೂಗಳು ಕೂತಿರುವ ಹಿಂಬದಿಯ ತಟ್ಟೆ, ಅಂದರೆ ಬ್ಯಾಕ್ ಪ್ಲೇಟಿನ ರಬ್ಬರ್ ಮುಚ್ಚಳ ತೆಗೆದು, ಸ್ಕ್ರೂ ಡ್ರೈವರ್‌ನಿಂದ ಒಳಗಿನ ಲಿವರ್ ಅಥವಾ ಅಡ್ಜಸ್ಟರನ್ನು ಹಿಂದಕ್ಕೆ ಸರಿಸಿ ಶೂಗಳನ್ನು ಒಳಕ್ಕೆ ಬಿಡಬೇಕು. ಹಳೆ ಅಂಬಾಸಿಡರ್, ಜೀಪುಗಳಲ್ಲಿ ಅಡ್ಜಸ್ಟರ್ ಬ್ಯಾಕ್ ಪ್ಲೇಟಿನ ಹೊರಗೇ ಸಿಗುವುದರಿಂದ ಈ ಕೆಲಸ ಸಲೀಸು. ಹಳೆ ವಿಲ್ಲಿಸ್ ಮಾದರಿಯ ಜೀಪಿನ ಹ್ಯಾಂಡ್‌ಬ್ರೇಕ್ ಮಾತ್ರ ಚಕ್ರದಲ್ಲಿ ಇರುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಗೇರ್ ಬಾಕ್ಸಿನಿಂದ ಬಂದ ಶಕ್ತಿಯನ್ನು ಹಿಂದಿನ, ಮುಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಪ್ರೊಪೆಲ್ಲರ್ ಶಾಫ್ಟಿಗೆ ಬೇರೆಯೇ ಸಣ್ಣ ಡ್ರಮ್ ಇರುತ್ತದೆ, ಹುಡುಕಬೇಕಾದದ್ದು ಅಲ್ಲಿ.

ಮಾರುತಿ 800 ಇರುವವರು ಗಮನಿಸಿ: ಅದರ ಹಿಂದಿನ ಡ್ರಮ್ಮಿನಲ್ಲೇ ಬೇರಿಂಗ್ ಕೂತಿರುತ್ತದೆ, ನಡುವಿನ ದೊಡ್ಡ ನಟ್ ಬಿಚ್ಚಿಯೇ ತೆಗೆಯಬೇಕು. ಮತ್ತೆ ಹಾಕುವಾಗ ಆ ನಟ್ಟಿಗೆ ಅಳತೆಯ ಬಿಗಿತ ಬೇಕು. ಟಾರ್ಕ್ ಸ್ಪ್ಯಾನರ್ ಇಲ್ಲದಿದ್ದರೆ ಈ ಹಂತವನ್ನು ಮೆಕ್ಯಾನಿಕ್‌ಗೆ ಬಿಡುವುದೇ ಸರಿ.

ಡ್ರಮ್ಮಿನೊಳಗೆ ನೋಡಬೇಕಾದ್ದು

ಏನನ್ನೂ ಮುಟ್ಟುವ ಮೊದಲು ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೊ ತೆಗೆಯಿರಿ. ಒಂದು ಸಲಕ್ಕೆ ಒಂದೇ ಚಕ್ರ ಬಿಚ್ಚಿ, ಅನುಮಾನ ಬಂದರೆ ಇನ್ನೊಂದು ಬದಿ ನೋಡಿಕೊಳ್ಳಬಹುದು. ಆದರೆ ಎಡ, ಬಲ ಕನ್ನಡಿ ಬಿಂಬದಂತೆ ತಿರುಗುಮುರುಗು ಇರುತ್ತವೆ. ಡ್ರಮ್ ಹೊರಗಿರುವಾಗ ಕಾಲಿನ ಬ್ರೇಕ್ ಒತ್ತಲೇಬಾರದು, ಆಯಿಲ್ ಒತ್ತಡದಿಂದ ಶೂ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಹೊರಗೆ ಹಾರಿ ಆಯಿಲೆಲ್ಲ ನೆಲಕ್ಕೆ ಹೋಗುತ್ತದೆ.

ಲೈನರ್ 1 ಮಿ.ಮೀ.ಗೆ ಬಂದಿದ್ದರೆ ಅದರ ಆಯುಸ್ಸು ಮುಗಿಯಿತು. 2 ಮಿ.ಮೀ. ಹತ್ತಿರ ಇದ್ದರೂ ಇಷ್ಟೆಲ್ಲ ಬಿಚ್ಚಿದ ಮೇಲೆ ಹೊಸದು ಹಾಕುವುದು ಲೇಸು. ಎರಡೂ ಚಕ್ರಕ್ಕೆ ಒಟ್ಟಿಗೆ ಹಾಕಬೇಕು, ಒಂದೇ ಬದಿ ಬದಲಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಡ್ರಮ್ಮಿನ ಒಳಮೈಯಲ್ಲಿ ಆಳದ ಗೆರೆ ಬಿದ್ದಿದ್ದರೆ ಲೇತಿನಲ್ಲಿ ಹೊಡೆಸಬಹುದು. ಆದರೆ ಗರಿಷ್ಠ ಒಳವ್ಯಾಸ ಎಷ್ಟೆಂದು ಸಾಮಾನ್ಯವಾಗಿ ಡ್ರಮ್ಮಿನ ಮೇಲೆಯೇ ಎರಕದಲ್ಲಿ ಮೂಡಿರುತ್ತದೆ, ಅದನ್ನು ಮೀರಿದರೆ ಹೊಸ ಡ್ರಮ್ಮೇ ಬೇಕು.

ಲೈನರ್ ಒದ್ದೆಯಾಗಿ ಹೊಳೆಯುತ್ತಿದ್ದರೆ ಆಯಿಲ್ ಎಲ್ಲಿಂದ ಬಂತೆಂದು ಮೊದಲು ತಿಳಿಯಿರಿ. ತೆಳ್ಳಗಿದ್ದು, ವೀಲ್ ಸಿಲಿಂಡರಿನ ರಬ್ಬರ್ ಮುಚ್ಚಳ ಎತ್ತಿದಾಗ ಒಳಗೂ ಒದ್ದೆಯಿದ್ದರೆ ಅದು ಬ್ರೇಕ್ ಆಯಿಲ್: ಸಿಲಿಂಡರ್ ಬದಲಿಸಿ ಏರ್ ತೆಗೆಯಬೇಕು. ದಪ್ಪಗೆ ಜಿಡ್ಡಾಗಿದ್ದು ಗಂಧಕದ ಘಾಟು ಹೊಡೆದರೆ ಅದು ಹಿಂದಿನ ಆಕ್ಸಲಿನ ಗೇರ್ ಆಯಿಲ್, ಆಕ್ಸಲ್ ಆಯಿಲ್ ಸೀಲ್ ಹೋಗಿದೆ. ಓಮ್ನಿ, ಜೀಪುಗಳಲ್ಲಿ ಇದು ಆಗುವಂಥದ್ದೇ. ಸೋರಿಕೆ ನಿಲ್ಲಿಸದೆ ಹೊಸ ಶೂ ಹಾಕಿದರೆ ದುಡ್ಡು ದಂಡ. ಆಯಿಲ್ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು, ಬೆಂಕಿಗೆ ಹಿಡಿದು ಒಣಗಿಸಿ ಮತ್ತೆ ಹಾಕುವ ರೂಢಿ ಕೆಲವೆಡೆ ಇದೆ, ದಯವಿಟ್ಟು ಮಾಡಬೇಡಿ. ಒಳಗೆ ಇಂಗಿದ ಜಿಡ್ಡು ಬ್ರೇಕ್ ಕಾದಾಗ ಮತ್ತೆ ಮೇಲೆ ಬರುತ್ತದೆ.

ಶೂ ಒಣಗಿದ್ದು ದಪ್ಪವೂ ಚೆನ್ನಾಗಿದ್ದರೆ ಎಮರಿ ಪೇಪರ್ ಹೊಡೆದು ಮೇಲಿನ ಹೊಳಪು ತೆಗೆಯಿರಿ. ಧೂಳು ಏಳದಂತೆ ಕ್ಲೀನರ್ ಹಾಕಿಕೊಂಡೇ ಉಜ್ಜಿ.

ಇನ್ನು ಹ್ಯಾಂಡ್‌ಬ್ರೇಕಿನ ಮರ್ಮಸ್ಥಾನ: ಶೂಗೆ ಪಿನ್ನಿನಿಂದ ಜೋಡಿಸಿದ ಆ ಸಣ್ಣ ಲಿವರ್. ಕೈಯಲ್ಲಿ ಆಡಿಸಿದರೆ ಸರಾಗವಾಗಿ ಹೋಗಿ ಬರಬೇಕು. ಬಿಗಿಯಿದ್ದರೆ ಶೂ ಹೊರತೆಗೆದು ಪಿನ್ ಬಿಚ್ಚಿ, ತುಕ್ಕು ಕೆರೆದು, ತೆಳ್ಳಗೆ ಗ್ರೀಸ್ ಸವರಿ ಕೂಡಿಸಿ. ಅಡ್ಜಸ್ಟರಿನ ಥ್ರೆಡ್ ಅಥವಾ ಹಲ್ಲುಗಳನ್ನೂ ತಂತಿ ಬ್ರಷ್‌ನಿಂದ ಸ್ವಚ್ಛ ಮಾಡಿ. ಬ್ಯಾಕ್ ಪ್ಲೇಟಿನಲ್ಲಿ ಶೂ ಅಂಚು ಉಜ್ಜುವ ಕಡೆ ಹೊಳೆಯುವ ಗುರುತು ಕಾಣುತ್ತದೆ, ಅಲ್ಲಲ್ಲಿಗೆ ಅಕ್ಕಿಕಾಳಿನಷ್ಟು ಗ್ರೀಸ್ ಸಾಕು. ಸ್ಪ್ರಿಂಗುಗಳು ಹಿಗ್ಗಿದ್ದರೆ ಅಥವಾ ಶಾಖಕ್ಕೆ ನೀಲಿ ತಿರುಗಿದ್ದರೆ ಹೊಸದು ಹಾಕಿ. ಇವು ಅಗ್ಗದ ಸಾಮಾನು, ಇಲ್ಲಿ ಉಳಿಸಲು ಹೋಗಬಾರದು.

ಕೇಬಲ್

ಈಕ್ವಲೈಸರಿನಿಂದ ಎರಡೂ ಕೇಬಲ್ ಕಳಚಿ, ಒಂದೊಂದೇ ಒಳತಂತಿಯನ್ನು ಹಿಂದೆ ಮುಂದೆ ಎಳೆದು ನೋಡಿ. ತಡೆಯಿಲ್ಲದೆ ಜಾರಬೇಕು. ಗರಗರ ಅಂದರೆ, ನಡುವೆ ಸಿಕ್ಕಿಕೊಂಡರೆ, ಔಟರ್ ಮೇಲಿನ ಪ್ಲಾಸ್ಟಿಕ್ ಸೀಳಿ ಒಳಗಿನ ಕಬ್ಬಿಣದ ಸುರುಳಿ ಕಂಡರೆ ಅಥವಾ ತಂತಿಯ ಒಂದು ಎಳೆ ಕಿತ್ತಿದ್ದರೂ ಬದಲಿಸಿ. ಆಯಿಲ್ ಬಿಟ್ಟು ಆಡಿಸಿದರೆ ಬೇಸಿಗೆ ಪೂರ್ತಿ ಓಡೀತು, ಮಳೆ ಹಿಡಿದ ಮೊದಲ ವಾರವೇ ಮತ್ತೆ ಕಚ್ಚುತ್ತದೆ.

ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಸ್ಪೇರ್ಸ್ ಅಂಗಡಿಗೆ ಹೋಗುವಾಗ ಹಳೆ ಕೇಬಲ್ ಜೊತೆಗೊಯ್ದು, ಆರ್‌ಸಿ ನೋಡಿ ಗಾಡಿಯ ಮಾಡೆಲ್ ಮತ್ತು ವರ್ಷ ಹೇಳಿ. ಒಳತಂತಿಯ ಉದ್ದ, ಔಟರಿನ ಉದ್ದ, ಎರಡೂ ತುದಿಯ ಕೊಂಡಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿಯೇ ದುಡ್ಡು ಕೊಡಿ.

ಹೊಸ ಕೇಬಲ್ ಹಳೆಯದರ ದಾರಿಯಲ್ಲೇ ಸಾಗಬೇಕು. ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಚೂಪಾಗಿ ಬಾಗದಿರಲಿ, ಪ್ರತಿ ಕ್ಲಿಪ್ ವಾಪಸ್ ಬೀಳಲಿ. ಕ್ಲಿಪ್ ಬಿಟ್ಟ ಕೇಬಲ್ ತೋಟದ ದಾರಿಯ ಕಲ್ಲಿಗೋ ಬೇರಿಗೋ ಸಿಕ್ಕಿ ಕಿತ್ತುಹೋಗುತ್ತದೆ.

ಜೋಡಣೆ ಮತ್ತು ಅಡ್ಜಸ್ಟ್

ಈ ಭಾಗವನ್ನು ಕ್ರಮವಾಗಿಯೇ ಮಾಡಿ.

1. ಡ್ರಮ್ ಹಾಕುವ ಮೊದಲು ಲೈನರ್ ಮೇಲೆ ಬೆರಳಿನ ಗ್ರೀಸ್ ತಾಗಿಲ್ಲವೆಂದು ನೋಡಿ, ಡ್ರಮ್ಮಿನ ಒಳಮೈಯನ್ನು ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಆಮೇಲೆ ಡ್ರಮ್, ಚಕ್ರ ಎರಡನ್ನೂ ಹಾಕಿ ಚಕ್ರದ ನಟ್‌ಗಳನ್ನು ತುಸು ಬಿಗಿ ಮಾಡಿ.

2. ಕೇಬಲ್ ನಟ್ ಇನ್ನೂ ಸಡಿಲವೇ ಇರಲಿ. ಕೈಯಿಂದ ಹೊಂದಿಸುವ ಅಡ್ಜಸ್ಟರ್ ಇದ್ದರೆ, ಶೂ ಡ್ರಮ್ಮಿಗೆ ತಾಗಿ ಚಕ್ರ ನಿಲ್ಲುವವರೆಗೆ ತಿರುಗಿಸಿ, ಆಮೇಲೆ ಚಕ್ರ ಸರಾಗವಾಗಿ ತಿರುಗುವಷ್ಟು ಹಿಂದಕ್ಕೆ ಬಿಡಿ. ತಾನಾಗಿಯೇ ಹೊಂದಿಕೊಳ್ಳುವಂಥದ್ದಾದರೆ ಎರಡೂ ಡ್ರಮ್ ಹಾಕಿದ ಮೇಲೆ ಕಾಲಿನ ಬ್ರೇಕನ್ನು ಹತ್ತು ಹದಿನೈದು ಸಲ ಗಟ್ಟಿಯಾಗಿ ಒತ್ತಿ ಬಿಡಿ.

3. ಕೇಬಲ್ ಹೊಸದಾದರೆ ನಟ್ ತುಸು ಬಿಗಿ ಮಾಡಿ, ಲಿವರನ್ನು ಹಲವು ಸಲ ಜೋರಾಗಿ ಎಳೆದು ಬಿಡಿ. ಔಟರ್, ಕೊಂಡಿ ಎಲ್ಲ ತಮ್ಮ ಜಾಗದಲ್ಲಿ ಕೂರುತ್ತವೆ.

4. ಈಗ ನಟ್ ಬಿಗಿ ಮಾಡಿ. ಮೊದಲ ಕ್ಲಿಕ್ಕಿನಲ್ಲಿ ಚಕ್ರ ತಿರುಗುತ್ತಿರಬೇಕು, ಮೂರು ನಾಲ್ಕಕ್ಕೆ ಉಜ್ಜಬೇಕು, ಐದರಿಂದ ಎಂಟರೊಳಗೆ ಎರಡೂ ಚಕ್ರ ಕೈಬಲಕ್ಕೆ ಜಗ್ಗದಂತೆ ನಿಲ್ಲಬೇಕು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಲೆಕ್ಕವಿದ್ದರೆ ಅದೇ ಸರಿ.

5. ಲಿವರ್ ಪೂರ್ತಿ ಇಳಿಸಿ ಎರಡೂ ಚಕ್ರ ತಿರುಗಿಸಿ. ಒಂದಾದರೂ ಉಜ್ಜಿದರೆ ಅರ್ಧ ಸುತ್ತು ಸಡಿಲಿಸಿ ಮತ್ತೆ ನೋಡಿ. ತೃಪ್ತಿಯಾದ ಮೇಲೆ ಲಾಕ್ ನಟ್ ಬಿಗಿಯಿರಿ.

6. ಗಾಡಿ ಇಳಿಸಿ, ಚಕ್ರದ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಪೂರ್ತಿ ಬಿಗಿ ಮಾಡಿ.

ನಟ್ಟಿನ ಥ್ರೆಡ್ ಕೊನೆಯವರೆಗೆ ಬಿಗಿ ಮಾಡಿದರೂ ಹಿಡಿತ ಸಿಗದಿದ್ದರೆ ನಡುವೆ ವಾಷರ್ ತುರುಕಲು ಹೋಗಬೇಡಿ. ಹಿಗ್ಗಿದ ಕೇಬಲ್, ಸವೆದ ಶೂ ಅಥವಾ ತಪ್ಪು ಜೋಡಣೆ ಇನ್ನೂ ಒಳಗೇ ಉಳಿದಿದೆ, ಮತ್ತೆ ಬಿಚ್ಚಬೇಕು.

ಪರೀಕ್ಷೆ

ಮೊದಲು ಸಮತಟ್ಟು ಜಾಗದಲ್ಲಿ ಮೆಲ್ಲಗೆ ಓಡಿಸಿ ಕಾಲಿನ ಬ್ರೇಕ್ ಸರಿಯಿದೆಯೆಂದು ಖಚಿತಪಡಿಸಿಕೊಳ್ಳಿ. ಆಮೇಲೆ ಜನ, ವಾಹನ ಇಲ್ಲದ ಇಳಿಜಾರಿಗೆ ಹೋಗಿ. ಮೊದಲು ಸಣ್ಣ ಇಳಿಜಾರು, ನಂತರ ಕಡಿದು. ಕಾಲಿನ ಬ್ರೇಕ್ ಒತ್ತಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಕಾಲನ್ನು ನಿಧಾನವಾಗಿ ಸಡಿಲಿಸಿ. ಕಾಲು ಪೆಡಲ್ ಮೇಲೇ ಇರಲಿ. ಮುಖ ಏರಿಗೆ ಮಾಡಿ ಒಮ್ಮೆ, ಇಳಿಜಾರಿಗೆ ಮಾಡಿ ಒಮ್ಮೆ ನೋಡಬೇಕು. ಕಲ್ಲು ಹಿಡಿದವರು ಗಾಡಿಯ ಪಕ್ಕದಲ್ಲಿರಲಿ, ಹಿಂದೆ ಅಥವಾ ಮುಂದೆ ಯಾರೂ ನಿಲ್ಲಬಾರದು. ಖಾಲಿ ಗಾಡಿ ನಿಂತಿತೆಂದು ಮುಗಿಸಬೇಡಿ, ನೀವು ಎಂದಿನಂತೆ ಹೊರುವ ಭಾರ ಹಾಕಿ ಮತ್ತೊಮ್ಮೆ ನೋಡಿ. ವೇಗದಲ್ಲಿ ಓಡುವಾಗ ಲಿವರ್ ಎಳೆದು ಪರೀಕ್ಷಿಸುವುದು ಬೇಡವೇ ಬೇಡ, ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿಬಿಡುತ್ತದೆ.

ನೋಂದಣಿ ನವೀಕರಣಕ್ಕೆ ಹೋಗುವವರಿಗೂ ಇದು ಬೇಕು. ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನವೀಕರಣ, ಅದಕ್ಕೆ ತಪಾಸಣೆ. ಕೆಎ-13 ಆಗಲಿ, ಕೆಎ-18, ಕೆಎ-46 ಆಗಲಿ ನಿಯಮ ಒಂದೇ. ಕಾಲಿನ ಬ್ರೇಕ್ ಮತ್ತು ಪಾರ್ಕಿಂಗ್ ಬ್ರೇಕ್ ಎರಡೂ ಪ್ರತ್ಯೇಕವಾಗಿ, ಚೆನ್ನಾಗಿ ಕೆಲಸ ಮಾಡಬೇಕೆಂದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮ ಹೇಳುತ್ತದೆ.

ಮಳೆಗಾಲದಲ್ಲಿ

ಗಾಡಿ ವಾರಗಟ್ಟಲೆ ಶೆಡ್ಡಿನಲ್ಲಿ ನಿಲ್ಲುವುದಾದರೆ ಹ್ಯಾಂಡ್‌ಬ್ರೇಕ್ ಎಳೆದಿಡಬೇಡಿ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿ ಬಿಟ್ಟು, ಚಕ್ರದ ಎರಡೂ ಕಡೆ ಕಲ್ಲು ಕೊಡಿ. ಥಂಡಿಗೆ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಅಂಟಿಕೊಂಡಾಗ ಆಕ್ಸಿಲೇಟರ್ ಒತ್ತಿ ಜಗ್ಗಿಸಿದರೆ ಲೈನರೇ ಶೂನಿಂದ ಕಿತ್ತುಬರುವುದುಂಟು. ಮುಂದೆ ಹಿಂದೆ ಹಗುರವಾಗಿ ಆಡಿಸಿ, ಆಗದಿದ್ದರೆ ಚಕ್ರ ತೆಗೆದು ಡ್ರಮ್ಮಿಗೆ ಮರದ ಸುತ್ತಿಗೆಯಿಂದ ತಟ್ಟಿ.

ಹಳ್ಳ ದಾಟಿದ ಮೇಲೆ, ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಸ್ವಲ್ಪ ದೂರ ಕಾಲಿನ ಬ್ರೇಕನ್ನು ಹಗುರವಾಗಿ ಒತ್ತಿಕೊಂಡು ಓಡಿಸಿ ಒಣಗಿಸಿ. ಒದ್ದೆ ಶೂಗಳ ಮೇಲೆ ಹ್ಯಾಂಡ್‌ಬ್ರೇಕ್ ನಂಬಿ ಏರಿನಲ್ಲಿ ಇಳಿದುಹೋಗಬೇಡಿ. ಏರಿನಲ್ಲಿ ನಿಲ್ಲಿಸುವಾಗ ಭಾರ ಮೊದಲು ಹ್ಯಾಂಡ್‌ಬ್ರೇಕ್ ಮೇಲೆ ಕೂರಲಿ, ಆಮೇಲೆ ಗೇರಿಗೆ ಹಾಕಿ: ಮುಖ ಮೇಲಿದ್ದರೆ ಮೊದಲನೇ ಗೇರ್, ಕೆಳಗಿದ್ದರೆ ರಿವರ್ಸ್. ಉರುಳಿದರೂ ಧರೆಗೆ (ರಸ್ತೆ ಪಕ್ಕದ ಮಣ್ಣಿನ ದಿಬ್ಬಕ್ಕೆ) ತಾಗಿ ನಿಲ್ಲುವಂತೆ ಸ್ಟೇರಿಂಗ್ ತಿರುಗಿಸಿಡಿ, ಕಮರಿಯ ಕಡೆಗೆ ಬೇಡ.

ಹೊಸ ಶೂ, ಹೊಸ ಕೇಬಲ್ ಹಾಕಿದ್ದರೆ ಮೊದಲ ವಾರದಲ್ಲೇ ಒಂದೆರಡು ಕ್ಲಿಕ್ ಹೆಚ್ಚಾಗುವುದು ಸಹಜ. ಹೊಂದಿಕೊಂಡ ಮೇಲೆ ಮತ್ತೊಮ್ಮೆ ಹಿಂಭಾಗ ಎತ್ತಿ, ಬರೆದಿಟ್ಟ ಲೆಕ್ಕದ ಜೊತೆ ಹೋಲಿಸಿ, ಬೇಕಾದಷ್ಟು ಮಾತ್ರ ನಟ್ ಬಿಗಿ ಮಾಡಿ. ಅದೇ ಹೊತ್ತಿಗೆ ಚಕ್ರದ ನಟ್‌ಗಳಿಗೂ ಒಮ್ಮೆ ಸ್ಪ್ಯಾನರ್ ಹಾಕಿ, ಬ್ಯಾಕ್ ಪ್ಲೇಟಿನ ಕೆಳಗೆ ಬೆರಳಾಡಿಸಿ ಆಯಿಲ್ ಸೋರಿದೆಯೇ ನೋಡಿಬಿಡಿ.